ಮಂಜು, ಮಳೆ, ಜಾರುವ ರಸ್ತೆ: ಸಿಮ್ಯುಲೇಟರ್ ತರಬೇತಿಯಿಂದ ಪ್ರಯೋಜನ ಉಂಟೇ?

ಸರಕು ಸಾಗಿಸುವ ಹೊಸ ಡ್ರೈವರುಗಳಿಗೆ ಅಪಾಯದ ಸನ್ನಿವೇಶಗಳನ್ನು ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ (ಪರದೆಯ ಮುಂದೆ ಕೂತು ಸ್ಟೇರಿಂಗ್, ಪೆಡಲ್ ಹಿಡಿದು ಓಡಿಸುವ ನಕಲಿ ಗಾಡಿಯಲ್ಲಿ) ಕಲಿಸಬಹುದೇ, ಅದಕ್ಕೆ ಅಲುಗಾಡುವ ಸೀಟಿನ ದುಬಾರಿ ಯಂತ್ರವೇ ಬೇಕೇ ಎಂದು ಕೇಳಿದ್ದೀರಿ. ನಾನು ರಸ್ತೆಯಲ್ಲೂ ಸಿಮ್ಯುಲೇಟರಿನಲ್ಲೂ ಡ್ರೈವಿಂಗ್ ಕಲಿಸುತ್ತೇನೆ. ಧಾರಾಳವಾಗಿ ಕಲಿಸಬಹುದು. ಆದರೆ ಅದರ ಪಾಠ ಹೆಚ್ಚಾಗಿ ಹತ್ತುವುದು ಕಣ್ಣಿಗೆ ಮತ್ತು ತಲೆಗೆ. ಕೈಕಾಲಿಗೆ ಹತ್ತುವುದು ಕಡಿಮೆ. ಇದು ಗೊತ್ತಿದ್ದು ಬಳಸಿದರೆ ಒಳ್ಳೆಯದು.

ಜೀಬ್ರಾ ಕ್ರಾಸಿಂಗಿನ ಮುಂದೆ ಒಂದು ಲಾರಿ ನಿಂತಿದೆ ಎಂದುಕೊಳ್ಳಿ. ಪಳಗಿದ ಡ್ರೈವರು ಲಾರಿಯ ಮೂತಿಯ ಕಡೆ ಮೊದಲೇ ಕಣ್ಣು ಹಾಯಿಸುತ್ತಾನೆ, ಮರೆಯಿಂದ ಯಾರಾದರೂ ಬರಬಹುದು ಅಂತ. ಹೊಸಬ ನೆಟ್ಟಗೆ ಮುಂದೆ ನೋಡಿಕೊಂಡು ಹೋಗಿಬಿಡುತ್ತಾನೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಫಿಶರ್ ಅವರ ತಂಡ ಇಂಥ ಸನ್ನಿವೇಶಗಳನ್ನು ಸಾಧಾರಣ ಕಂಪ್ಯೂಟರಿನಲ್ಲೇ ಹೊಸಬರಿಗೆ ಕಲಿಸಿ, ಆಮೇಲೆ ಅವರ ಕಣ್ಣು ಎಲ್ಲೆಲ್ಲಿ ಹೋಗುತ್ತದೆಂದು ಅಳೆಯಿತು. ತರಬೇತಿ ಪಡೆದವರು ಮರೆಯ ಜಾಗಗಳನ್ನು ಹೆಚ್ಚು ಗಮನಿಸುತ್ತಿದ್ದರು, ಸಿಮ್ಯುಲೇಟರಿನಲ್ಲಷ್ಟೇ ಅಲ್ಲ, ನಿಜವಾದ ರಸ್ತೆಯಲ್ಲೂ. ಬ್ರಿಟನ್ನಿನ ಲೈಸೆನ್ಸ್ ಪರೀಕ್ಷೆಯಲ್ಲಿ 2002ರಿಂದ ಅಪಾಯ ಗುರುತಿಸುವ ವಿಡಿಯೊ ಪರೀಕ್ಷೆ ಇದೆ.

ಮಂಜಿನ ವಿಷಯದಲ್ಲಿ ಮಾತ್ರ ಸಾಫ್ಟ್‌ವೇರನ್ನು ಕಣ್ಣುಮುಚ್ಚಿ ನಂಬಬೇಡಿ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಸಿಮ್ಯುಲೇಟರ್ ಪ್ರಯೋಗದ ಪ್ರಕಾರ, ಮಂಜು ಕವಿದಾಗ ವೇಗ ಇರುವುದಕ್ಕಿಂತ ಕಡಿಮೆ ಅನ್ನಿಸಿ ಜನ ಗೊತ್ತಿಲ್ಲದೆ ಜೋರಾಗಿ ಓಡಿಸುತ್ತಾರೆ. 2012ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಇದನ್ನು ಮತ್ತೆ ಕೆದಕಿದರು. ಪರದೆಯನ್ನೆಲ್ಲ ಒಂದೇ ಸಮ ಮಸುಕು ಮಾಡಿದರೆ ಆ ಮಾತು ಸರಿ. ಆದರೆ ನಿಜವಾದ ಮಂಜು ಹತ್ತಿರದಲ್ಲಿ ತೆಳು, ದೂರ ಹೋದಂತೆ ದಟ್ಟ. ಹಾಗೆ ಚಿತ್ರಿಸಿದಾಗ ಫಲಿತಾಂಶವೇ ತಿರುಗಿತು: ವೇಗ ಜಾಸ್ತಿ ಅನ್ನಿಸಿ ಜನ ನಿಧಾನಿಸಿದರು. ಮಂಜನ್ನು ತಪ್ಪಾಗಿ ಬರೆದ ಪ್ರೋಗ್ರಾಮು ನಿಮ್ಮ ಹುಡುಗರಿಗೆ ಎಂಥ ಅಭ್ಯಾಸ ಹಿಡಿಸೀತು, ಯೋಚಿಸಿ. ಕೊಳ್ಳುವ ಮುಂಚೆ ನೀವೇ ಕೂತು ನೋಡಿ, ಬಾನೆಟ್ಟಿನ ಮುಂದಿನ ಬಿಳಿ ಪಟ್ಟೆ ಸ್ಪಷ್ಟವಾಗಿ ಕಂಡು, ದೂರದ್ದು ಕರಗುತ್ತಾ ಹೋಗಬೇಕು.

ಜಾರಿದ ಗಾಡಿಯನ್ನು ಸ್ಟೇರಿಂಗಿನಿಂದ ಹತೋಟಿಗೆ ತರುವ ಕಸರತ್ತನ್ನು ಸಿಮ್ಯುಲೇಟರಿನಲ್ಲಿ ಕಲಿಸಲು ಹೋಗಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿಂಬದಿ ಜಾರುವುದು ನಿಜವಾದ ಗಾಡಿಯಲ್ಲಿ ಮೊದಲು ಸೊಂಟಕ್ಕೆ ತಿಳಿಯುತ್ತದೆ, ಪರದೆಯಲ್ಲಿ ಅದು ಇಲ್ಲ. ಇನ್ನೊಂದು ಕಾರಣವೂ ಇದೆ. ನಾರ್ವೆಯಲ್ಲಿ ನಿಜವಾದ ಜಾರು ಟ್ರ್ಯಾಕಿನಲ್ಲೇ ಇದನ್ನು ಕಲಿಸಿ, 1980ರ ದಶಕದಲ್ಲಿ ಪರಿಣಾಮ ನೋಡಿದಾಗ, ಹರೆಯದ ಗಂಡಸರ ಅಪಘಾತಗಳು ಹೆಚ್ಚಿದ್ದವು. ‘ಜಾರಿದರೂ ನಿಭಾಯಿಸುತ್ತೇನೆ’ ಎಂಬ ಧೈರ್ಯ ಬಂದವನು ವೇಗ ಇಳಿಸುವುದಿಲ್ಲ.

ಅದರ ಬದಲು ಸೋಲುವುದನ್ನು ತೋರಿಸಿ. ಗಂಟೆಗೆ 60 ಕಿ.ಮೀ. ವೇಗದ ಕಾರು, ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 20 ಮೀಟರಿಗೆ ನಿಲ್ಲುತ್ತದೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಅದಕ್ಕೆ 140 ಮೀಟರ್ ಬೇಕಾದೀತು. ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಕಳೆದಿರುತ್ತದೆ. ಬೋರ್ಡಿನ ಮೇಲೆ ಬರೆದರೆ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಸಿಮ್ಯುಲೇಟರಿನಲ್ಲಿ ಮುಂದಿನ ಗಾಡಿಗೆ ತಾನೇ ಹೋಗಿ ಗುದ್ದಿದವನು ಮರುಓಟದಲ್ಲಿ ಅಂತರ ಬಿಟ್ಟೇ ಓಡಿಸುತ್ತಾನೆ, ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಸಿಮ್ಯುಲೇಟರಿನಲ್ಲಿ ಕೂತಾಗ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಣ್ಣು ಗಾಡಿ ತಿರುಗಿತು ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ. ವಯಸ್ಸಾದವರಿಗೆ ಹೆಚ್ಚು. ನೇರ ರಸ್ತೆಯಿಂದ ಶುರುಮಾಡಿ, ಹತ್ತು ನಿಮಿಷಕ್ಕೆ ನಿಲ್ಲಿಸಿ, ಹಟ ಮಾಡಿಸಬೇಡಿ.

ಸೀಟು ಅಲುಗಾಡಬೇಕಿಲ್ಲ. ಪಕ್ಕದ ರಸ್ತೆಯೂ ಕಾಣುವಂತೆ ಮೂರು ಪರದೆ, ಒಳ್ಳೆಯ ಸ್ಟೇರಿಂಗ್, ಪೆಡಲ್ ಸಾಕು. ಉಳಿದ ಹಣವನ್ನು ಪಕ್ಕದಲ್ಲಿ ಕೂರುವ ಶಿಕ್ಷಕರಿಗೆ ಕೊಡಿ. ಓಟ ಮುಗಿದ ಕೂಡಲೇ ರೀಪ್ಲೇ ಹಾಕಿ, ‘ಈ ಲಾರಿ ನಿಮಗೆ ಯಾವಾಗ ಕಂಡಿತು, ಆಗ ಏನಂದುಕೊಂಡಿರಿ?’ ಎಂದು ಕೇಳುವವರು ಇಲ್ಲದಿದ್ದರೆ, ಎಷ್ಟೇ ದೊಡ್ಡ ಯಂತ್ರ ತಂದರೂ ಹುಡುಗರು ಅದರಲ್ಲಿ ರೇಸ್ ಆಡುತ್ತಾರೆ.