ಪುಡಿ ಅಂಗಡಿಗೆ ವೆಬ್‌ಸೈಟ್ ಮಾಡಿಸುವ ಮುನ್ನ

ಗಾಂಧಿಬಜಾರಿನಲ್ಲಿ ತಾಯಿಯೊಂದಿಗೆ ಸಾರಿನ ಪುಡಿ, ಚಟ್ನಿ ಪುಡಿ, ಹಪ್ಪಳ, ಉಪ್ಪಿನಕಾಯಿಗಳ ಅಂಗಡಿ ನಡೆಸುತ್ತಿದ್ದೀರಿ. ವೆಬ್‌ಸೈಟ್ ಮಾಡಿಕೊಡಲು ಒಬ್ಬರು ಹನ್ನೆರಡು ಸಾವಿರ ಕೇಳಿದ್ದಾರೆ, ಇನ್ನೊಬ್ಬರು ತೊಂಬತ್ತು ಸಾವಿರ. ನೋಡಲು ಚೆನ್ನಾಗಿಯೂ ಇರಬೇಕು, ವ್ಯಾಪಾರವೂ ಆಗಬೇಕು, ಯಾರಿಗೆ ಒಪ್ಪಿಸಲಿ ಎಂದು ಕೇಳಿದ್ದೀರಿ. ಬೆಂಗಳೂರಿನ ಸಣ್ಣ ಅಂಗಡಿ, ಕ್ಲಿನಿಕ್, ಟ್ಯೂಷನ್ ಕೇಂದ್ರಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ನನ್ನ ಕಸುಬು. ಹಣದ ಮಾತು ಆಮೇಲೆ. ಅದಕ್ಕೂ ಮೊದಲು ನೀವೇ ಮಾಡಬೇಕಾದ ಕೆಲಸವೊಂದಿದೆ.

ಒಂದು ವಾರ ಅಂಗಡಿಯ ಫೋನಿನ ಪಕ್ಕ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಕರೆ ಮಾಡಿದವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ‘ಭಾನುವಾರ ತೆರೆದಿರುತ್ತೀರಾ?’, ‘ಬೆಳ್ಳುಳ್ಳಿ ಹಾಕದ ಚಟ್ನಿ ಪುಡಿ ಇದೆಯೇ?’, ‘ಎಷ್ಟು ದಿನ ಕೆಡುವುದಿಲ್ಲ?’, ‘ವೈಟ್‌ಫೀಲ್ಡ್‌ಗೆ ಕಳಿಸುತ್ತೀರಾ?’, ‘ಕಾರು ಎಲ್ಲಿ ನಿಲ್ಲಿಸಬೇಕು?’ ಬಹುಪಾಲು ಇಂಥವೇ ಬರುತ್ತವೆ. ಹೆಚ್ಚು ಸಲ ಬಂದ ಪ್ರಶ್ನೆಗೆ ಉತ್ತರ ಪುಟದ ಮೇಲ್ಭಾಗದಲ್ಲಿ, ಅಪರೂಪದ್ದಕ್ಕೆ ಕೆಳಗೆ. ವಿನ್ಯಾಸದ ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ನನ್ನ ಕೈಗೆ ಸಾಮಾನ್ಯವಾಗಿ ಬರುವ ಬರಹವೇ ಬೇರೆ: ‘ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ.’ ಇದನ್ನು ಟೈರ್ ಅಂಗಡಿಯ ಪುಟಕ್ಕೂ ಧಾರಾಳವಾಗಿ ಅಂಟಿಸಬಹುದು. ಅದರ ಬದಲು ಹೀಗೆ ಬರೆದು ನೋಡಿ: ‘ಮನೆಯಲ್ಲೇ ಹುರಿದು ಮಾಡಿದ ಸಾರಿನ ಪುಡಿ, ಚಟ್ನಿ ಪುಡಿ. ಬೆಳ್ಳುಳ್ಳಿ ಹಾಕಿದ್ದೂ ಇದೆ, ಹಾಕದ್ದೂ ಇದೆ. ಬೆಳಿಗ್ಗೆ 9ರಿಂದ ರಾತ್ರಿ 8, ಸೋಮವಾರ ರಜೆ. ಬೆಂಗಳೂರಿನೊಳಗೆ ಮನೆಗೆ ಕಳಿಸುತ್ತೇವೆ.’ ಕೆಳಗೆ ಎರಡೇ ಗುಂಡಿ, ‘ಕರೆ ಮಾಡಿ’ ಮತ್ತು ‘ವಾಟ್ಸ್‌ಆ್ಯಪ್‌ನಲ್ಲಿ ಕೇಳಿ’. ಮೊಬೈಲಿನಲ್ಲಿ ಪುಟ ತೆರೆದ ಕೂಡಲೇ, ಬೆರಳಿನಿಂದ ಸರಿಸದೆಯೇ, ಇಷ್ಟು ಕಾಣಬೇಕು. ಒಂದಾದ ಮೇಲೊಂದು ಜಾರುವ ದೊಡ್ಡ ಚಿತ್ರಗಳನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಅವು ಮಾಲೀಕರಿಗೆ ಖುಷಿ ಕೊಡುತ್ತವೆ, ಗ್ರಾಹಕರನ್ನು ಕಾಯಿಸುತ್ತವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಅವರದೇ ಉಚಿತ ಸಾಧನದಲ್ಲಿ ವಿಳಾಸ ಹಾಕಿದರೆ ನೀವೇ ಪರೀಕ್ಷಿಸಬಹುದು.

ಚಿತ್ರಗಳಿಗೆ ಸ್ಟುಡಿಯೊ ಬೇಕಿಲ್ಲ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಫ್ಲ್ಯಾಷ್ ಇಲ್ಲದೆ, ಸ್ಟೀಲ್ ತಟ್ಟೆಯಲ್ಲಿ ಪುಡಿ ಹರಡಿ ತೆಗೆಯಿರಿ, ಮೊಬೈಲೇ ಸಾಕು. ಅಂತರ್ಜಾಲದಿಂದ ಎತ್ತಿದ ಹೊಳಪಿನ ಮಸಾಲೆ ಚಿತ್ರಗಳಿಗಿಂತ ನಿಮ್ಮ ತಾಯಿ ಬಾಣಲೆಯಲ್ಲಿ ಕೊತ್ತಂಬರಿ ಬೀಜ ಹುರಿಯುತ್ತಿರುವ ಒಂದು ಚಿತ್ರ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಹಾಕುವ ಮುನ್ನ ಫೈಲಿನ ಗಾತ್ರ ಕುಗ್ಗಿಸಲು ಮರೆಯಬೇಡಿ.

ಇನ್ನು ಕನ್ನಡ. ಇಲ್ಲಿ ಬಹಳ ಮಂದಿ ಡಿಸೈನರ್‌ಗಳು ಎಡವುತ್ತಾರೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಡುತ್ತಾರೆ. ‘ಹಪ್ಪಳ’ದ ಪ ಒತ್ತು, ‘ಚಟ್ನಿ’ಯ ನ ಒತ್ತು ಕೆಳಗಿನ ಸಾಲಿಗೆ ತಾಗುತ್ತವೆ, ಗುಂಡಿಯ ಮೇಲಿನ ಬರಹವಾದರೆ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಅಂತರ ಕೊಡಲು ಹೇಳಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಒಳ್ಳೆಯ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ. ಹಳೆಯ ಕರಪತ್ರದ ಬರಹವನ್ನು ಡಿಟಿಪಿಯವರಿಂದ ತಂದು ಕೊಡುವುದಾದರೆ ಅದು ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಮೊಬೈಲ್, ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ, ಇದೆಯೇ ಎಂದು ಕೇಳಿ. ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕುವುದೂ ಬೇಡ, ಅಕ್ಷರಗಳಲ್ಲೇ ಇರಲಿ; ‘ಸಾರಿನ ಪುಡಿ’ ಎಂದು ಹುಡುಕುವವರಿಗೆ ಸಿಗಬೇಕಲ್ಲ. ‘ರಸಂ ಪೌಡರ್’ ಎಂದು ಇಂಗ್ಲಿಷಿನಲ್ಲಿ ಹುಡುಕುವವರು ಈ ಊರಿನಲ್ಲಿ ಕಡಿಮೆಯೇನಿಲ್ಲ. ಹಾಗಾಗಿ ಇಂಗ್ಲಿಷ್ ಪುಟವೂ ಬೇಕು, ಆದರೆ ಯಂತ್ರಾನುವಾದಕ್ಕೆ ಬಿಡದೆ ಕುಳಿತು ಬರೆದದ್ದು.

ವಿಳಾಸದ ಬಗ್ಗೆ ಒಂದು ಮಾತು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮೂರನೇ ಅಡ್ಡರಸ್ತೆ ಇದ್ದೇ ಇರುತ್ತದೆ. ಬರಿಯ ವಿಳಾಸದಿಂದ ಯಾರೂ ನಿಮ್ಮನ್ನು ತಲುಪುವುದಿಲ್ಲ. ನಕ್ಷೆಯ ಕೊಂಡಿ ಕೊಡಿ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ಹೇಗೆ ಬರಬೇಕು, ವಾಹನ ಎಲ್ಲಿ ನಿಲ್ಲಿಸಬಹುದು ಎಂದು ಎರಡು ಸಾಲು ಬರೆಯಿರಿ. ಗೂಗಲ್ ಹುಡುಕಾಟದಲ್ಲಿ, ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ವೆಬ್‌ಸೈಟಿಗೂ ಮೊದಲು ಅದನ್ನು ಮಾಡಿಕೊಳ್ಳಿ. ಎರಡೂ ಕಡೆ ಸಮಯ, ಫೋನ್ ಸಂಖ್ಯೆ ಒಂದೇ ಇರಲಿ.

ಕಾರ್ಟ್ (ಪುಟದಲ್ಲೇ ವಸ್ತು ಆರಿಸಿ ಹಾಕಿಕೊಳ್ಳುವ ಬುಟ್ಟಿ), ಪೇಮೆಂಟ್ ಗೇಟ್‌ವೇ (ಪುಟದಲ್ಲೇ ಹಣ ಪಡೆಯುವ ವ್ಯವಸ್ಥೆ) ಎಲ್ಲ ಈಗಲೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ, ಹಣ ಯುಪಿಐನಲ್ಲಿ. ಕೈ ಮೀರಿದಾಗ ಕಾರ್ಟ್ ಮಾಡಿಸಿದರಾಯಿತು. ನಿಮ್ಮದು ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ ಪುಟದಲ್ಲಿರಲಿ. ಮುಂದೆ ಪುಟದಲ್ಲೇ ಮಾರಾಟ ಶುರುವಾದರೆ 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನೂ ಕೊಡಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಈಗ ಆ ಇಬ್ಬರ ವಿಚಾರ. ಡೊಮೈನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ನೋಂದಣಿಯಾಗುತ್ತದೆ ಎಂದು ಕೇಳಿ. ನಿಮ್ಮದರಲ್ಲಿ ಅಲ್ಲದಿದ್ದರೆ ಅಲ್ಲಿಗೇ ಕೈಮುಗಿಯಿರಿ. ಮಾಡಿಕೊಟ್ಟವರು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ಸ್ವಂತ ಅಂಗಡಿಯ ಹೆಸರಿಗಾಗಿ ಅಲೆದಾಡುವ ವ್ಯಾಪಾರಿಗಳು ನನ್ನ ಬಳಿ ಬರುತ್ತಲೇ ಇರುತ್ತಾರೆ. ಪುಟಕ್ಕೂ ಓದುಗರ ಮೊಬೈಲಿಗೂ ನಡುವೆ ಸಾಗುವ ಮಾಹಿತಿಯನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ಪ್ರತ್ಯೇಕ ದೊಡ್ಡ ಮೊತ್ತ ಹಾಕಿದ್ದರೆ ಏಕೆಂದು ವಿಚಾರಿಸಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ದರ ಏರಿದ ದಿನ ಪುಡಿಯ ಬೆಲೆಯನ್ನು ನೀವೇ ಮೊಬೈಲಿನಿಂದ ಬದಲಿಸಬಹುದೇ ಎಂಬುದನ್ನು ಅವರ ಎದುರಿಗೇ ಮಾಡಿ ತೋರಿಸಲು ಹೇಳಿ. ಹನ್ನೆರಡು ಸಾವಿರದವರು ಇದಕ್ಕೆಲ್ಲ ಒಪ್ಪಿ ಬರೆದುಕೊಟ್ಟರೆ ಅವರಿಗೇ ಕೊಡಿ, ನಿಮ್ಮ ಅಂಗಡಿಗೆ ಸದ್ಯಕ್ಕೆ ನಾಲ್ಕೈದು ಪುಟಗಳು ಸಾಕು.