ಟೇಬಲ್‌ಗಳಿವೆ, ಜ್ಯಾಬಿಕ್ಸ್ ಮಾತ್ರ ಏಳುತ್ತಿಲ್ಲ

ಪ್ರಶ್ನೆ: ನೆಟ್‌ವರ್ಕ್ ಮೇಲೆ ನಿಗಾ ಇಡಲು ಲಿನಕ್ಸ್ ಸರ್ವರ್‌ನಲ್ಲಿ ಜ್ಯಾಬಿಕ್ಸ್ ಹಾಕಿದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ಸರ್ವಿಸ್ ಶುರುವಾದ ಕೂಡಲೇ ನಿಲ್ಲುತ್ತದೆ. ‘ಯೂಸರ್ಸ್’ ಟೇಬಲ್ ಖಾಲಿಯಿದೆ, ಇದು ಪ್ರಾಕ್ಸಿಯ (ಸರ್ವರ್ ಪರವಾಗಿ ಮಾಹಿತಿ ಸಂಗ್ರಹಿಸುವ ಜ್ಯಾಬಿಕ್ಸ್ ಘಟಕ) ಡೇಟಾಬೇಸೇ ಎಂದು ಲಾಗ್ ಕೇಳುತ್ತಿದೆ. ನಾನು ಪ್ರಾಕ್ಸಿ ಹಾಕಿಯೇ ಇಲ್ಲ!

ಉತ್ತರ: ಪ್ರಾಕ್ಸಿಯ ಮಾತು ಬಿಡಿ, ಅದು ಸುಮ್ಮನೆ ದಾರಿ ತಪ್ಪಿಸುತ್ತದೆ. ಜ್ಯಾಬಿಕ್ಸ್‌ನ ಎಸ್‌ಕ್ಯೂಎಲ್ ಫೈಲನ್ನು ಡೇಟಾಬೇಸ್‌ಗೆ ತುಂಬಿಸುವ ಕೆಲಸ, ಅಂದರೆ ಇಂಪೋರ್ಟ್, ಬಹುಶಃ ಅರ್ಧಕ್ಕೇ ನಿಂತಿದೆ. ಆಗ ಪರದೆಯ ಮೇಲೆ ಎರರ್ 1419 ಬಂದಿತ್ತೇ? ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಡೇಟಾಬೇಸ್‌ನ ಬದಲಾವಣೆಗಳ ದಾಖಲೆ) ತಾನಾಗಿಯೇ ಆನ್ ಇರುತ್ತದೆ. ಅದು ಆನ್ ಇದ್ದಾಗ, ಸೂಪರ್ ಎಂಬ ಉನ್ನತ ಅಧಿಕಾರವಿಲ್ಲದ ಬಳಕೆದಾರರು ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್) ರಚಿಸಲು ಹೋದರೆ ಮೈಎಸ್‌ಕ್ಯೂಎಲ್ ತಡೆಯುತ್ತದೆ. ಜ್ಯಾಬಿಕ್ಸ್‌ನ ಫೈಲಿನಲ್ಲಿ ಮೊದಲು ಟೇಬಲ್‌ಗಳು, ಆಮೇಲೆ ಟ್ರಿಗರ್‌ಗಳು, ಕೊನೆಗೆ ಆರಂಭಿಕ ಡೇಟಾ. ಹಾಗಾಗಿ ಟೇಬಲ್‌ಗಳೆಲ್ಲ ಕಾಣುತ್ತವೆ, ಒಳಗೆ ಏನೂ ಇರುವುದಿಲ್ಲ.

ಸರ್ವಿಸ್ ನಿಲ್ಲಿಸಿ, ಡೇಟಾಬೇಸ್ ಡ್ರಾಪ್ ಮಾಡಿ, ಅಂದರೆ ಪೂರ್ತಿ ಅಳಿಸಿ. (ಹೊಸ ಇನ್‌ಸ್ಟಾಲ್ ಆದ್ದರಿಂದ ಸರಿ; ಹಳೆಯ ಡೇಟಾ ಇದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ.) ಯುಟಿಎಫ್‌8ಎಂಬಿ4 ಕ್ಯಾರೆಕ್ಟರ್ ಸೆಟ್, ಅದರದೇ ‘ಬಿನ್’ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಕೊಟ್ಟು ಮತ್ತೆ ರಚಿಸಿ. ರೂಟ್ ಆಗಿ ಲಾಗಿನ್ ಆಗಿ ‘ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್’ ಎಂಬ ಗ್ಲೋಬಲ್ ವೇರಿಯಬಲ್ ಅನ್ನು 1 ಮಾಡಿ. ಈಗ ಜ್ಯಾಬಿಕ್ಸ್ ಬಳಕೆದಾರರ ಹೆಸರಿನಲ್ಲೇ ಸರ್ವರ್‌ನ ಎಸ್‌ಕ್ಯೂಎಲ್ ಫೈಲ್ ಇಂಪೋರ್ಟ್ ಮಾಡಿ. ಹಲವು ನಿಮಿಷ ಪರದೆ ಸುಮ್ಮನಿರುತ್ತದೆ. ಕಂಟ್ರೋಲ್-ಸಿ ಒತ್ತಿದರೆ ಮತ್ತೆ ಮೊದಲಿನಿಂದ. ಮುಗಿದ ಮೇಲೆ ವೇರಿಯಬಲ್ 0 ಮಾಡಿ, ಸರ್ವಿಸ್ ಶುರು ಮಾಡಿ.

ಆಗ ಲಾಗ್‌ನಲ್ಲಿ ಎರರ್ 1045 (ಡೇಟಾಬೇಸ್‌ಗೆ ಪ್ರವೇಶ ನಿರಾಕರಣೆ) ಬಂದರೆ ಅದು ಬೇರೆಯೇ ತೊಂದರೆ: ಜ್ಯಾಬಿಕ್ಸ್ ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ‘ಡಿಬಿ ಪಾಸ್‌ವರ್ಡ್’ ಸಾಲಿನ ಆರಂಭದಲ್ಲಿರುವ ಹ್ಯಾಶ್ (#) ಚಿಹ್ನೆ ತೆಗೆದಿದ್ದೀರಾ, ನೋಡಿ.