ಮಿಯಾಟಾದ ಹಿಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚೋದು ಹೇಗೆ? ಕನೆಕ್ಟರ್ ಕಿತ್ತು ಹಾಗೇ ಓಡಿಸಬಹುದಾ?

ನೀವು ಹೇಳಿದ್ದು 1999ರ ಮಜ್ದಾ ಮಿಯಾಟಾ ಕಾರು, ಪಿ0420 ಕೋಡ್ (ಕಾರಿನ ಕಂಪ್ಯೂಟರ್ ಕೊಡೋ ದೋಷ ಸಂಕೇತ), ಎಕ್ಸಾಸ್ಟ್ ಹೊಗೆಯ ಆಕ್ಸಿಜನ್ ಅಳೆಯೋ ಸೆನ್ಸರಿಗೆ ತುಕ್ಕು. ನನ್ನದೂ ಇದೇ ಕಥೆ. ಮಿಶಿಗನ್‌ನಲ್ಲಿ ಚಳಿಗಾಲ ರಸ್ತೆಗೆ ಸುರಿಯೋ ಉಪ್ಪು ತಿಂದ ಕಾರು. ಸೆನ್ಸರ್ ಹೊರಗೆ ಬಂತು, ಜೊತೆಗೆ ಎಕ್ಸಾಸ್ಟ್ ಪೈಪಿನ ಥ್ರೆಡ್ಡೂ ಬಂತು.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ. ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ ಎಳೆದೆ, 'ಟಕ್' ಅಂತ ಸಡಿಲವಾಯ್ತು, ಅರ್ಧ ಸುತ್ತು ಸಲೀಸಾಗಿ ತಿರುಗಿತು. ಆಮೇಲೆ ಮತ್ತೆ ಬಿಗಿಯಾಯ್ತು. ಅಲ್ಲೇ ನಿಲ್ಲಿಸಬೇಕಿತ್ತು. "ಇನ್ನೇನು ಬಂತು" ಅಂತ ಇನ್ನೂ ಜೋರಾಗಿ ಎಳೆದೆ. ಸಡಿಲವಾದ ಮೇಲೆ ಬಿಗಿಯಾಗುತ್ತೆ ಅಂದ್ರೆ ತುಕ್ಕಿನ ಪುಡಿ ಥ್ರೆಡ್ ಸಂದಿಗೆ ಸಿಕ್ಕಿಕೊಂಡು ಲೋಹಕ್ಕೆ ಲೋಹ ಉಜ್ಜಿ ಹಿಡಿದುಕೊಳ್ತಿದೆ ಅಂತ ಅರ್ಥ. ಆಗ ಬಲ ಹಾಕಿದಷ್ಟೂ ಥ್ರೆಡ್ ಕಿತ್ತು ಬರುತ್ತೆ. ಮಾಡಬೇಕಾದ್ದು ತದ್ವಿರುದ್ಧ: ಕಾಲು ಸುತ್ತು ವಾಪಸ್ ಬಿಗಿ ಮಾಡಿ, ಪೆನೆಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿದು ತುಕ್ಕು ಸಡಿಲಿಸೋ ಎಣ್ಣೆ) ಬಿಟ್ಟು ಹತ್ತು ನಿಮಿಷ ಕಾಯಿರಿ, ಮತ್ತೆ ಅರ್ಧ ಸುತ್ತು ಬಿಚ್ಚಿ. ಹೀಗೇ ಹಿಂದೆ ಮುಂದೆ. ಇಡೀ ಗಂಟೆ ಹಿಡಿದರೂ ಸರಿ. ನಾನು ಆ ಗಂಟೆ ಉಳಿಸೋಕೆ ಹೋಗಿ ಹೊಸ ಬಂಗ್ (ಪೈಪಿನಲ್ಲಿ ಸೆನ್ಸರ್ ಕೂರೋ ಥ್ರೆಡ್ ಇರೋ ಲೋಹದ ಬಳೆ) ವೆಲ್ಡ್ ಮಾಡಿಸಬೇಕಾಯ್ತು.

ಈಗ ನಿಮ್ಮ ಪ್ರಶ್ನೆ. ಕನೆಕ್ಟರ್ ಕಿತ್ತು ಓಡಿಸೋದು ಬೇಡ. ಚೆಕ್ ಎಂಜಿನ್ ಲೈಟ್ ಆರಲ್ಲ, ಸೆನ್ಸರ್ ಹೀಟರಿನ ಪಿ0141 ಕೋಡೂ ಜೊತೆಗೆ ಸೇರ್ಕೊಳ್ಳುತ್ತೆ. ಪವರ್ರೂ ಹೆಚ್ಚಾಗಲ್ಲ. ಇಂಧನದ ಅಳತೆ ಮುಖ್ಯವಾಗಿ ನಡೆಯೋದು ಮುಂದಿನ ಸೆನ್ಸರ್ ನೋಡಿ, ಹಿಂದಿನದು ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡೋ ಡಬ್ಬ) ಕಾಯೋ ಕಾವಲುಗಾರ. ನನ್ನ ಕೇಳಿದ್ರೆ ಬಹುಶಃ ಸೆನ್ಸರ್ ಬಿಚ್ಚೋದೇ ಬೇಕಿಲ್ಲ. ಪಿ0420 ಸಾಮಾನ್ಯವಾಗಿ ಸೆನ್ಸರಿನ ದೂರು ಅಲ್ಲ, ಕನ್ವರ್ಟರಿನ ದೂರು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರ್ ನೋಡಿ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯಬೇಕು, ಹಿಂದಿನದು 0.6-0.7ರ ಆಸುಪಾಸು ಸುಮ್ಮನಿರಬೇಕು. ಹಿಂದಿನದೂ ಹಾಗೇ ಕುಣೀತಿದ್ರೆ ಕನ್ವರ್ಟರ್ ಸತ್ತಿದೆ. ಅದಕ್ಕೂ ಮುಂಚೆ ಪೈಪಿನ ಜಾಯಿಂಟ್‌ಗಳಲ್ಲಿ ಹೊಗೆ ಸೋರ್ತಿದೆಯಾ ನೋಡ್ಕೊಳ್ಳಿ. ಸೋರೋ ಕಡೆ ಹೊರಗಿನ ಗಾಳಿಯೂ ಒಳಗೆ ಎಳೆಯಲ್ಪಟ್ಟು ರೀಡಿಂಗ್ ಕೆಡಿಸುತ್ತೆ.

ಸೆನ್ಸರ್ರೇ ಹೋಗಿದೆ ಅಂತ ಖಾತ್ರಿಯಾದ್ರೆ, ಹಿಂದಿನ ರಾತ್ರಿಯೇ ಬಂಗಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿಡಿ. ಮಾರನೇ ದಿನ ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ. ಪೈಪ್ ಬೆಚ್ಚಗಿರಬೇಕು, ಕೈ ಸುಡಬಾರದು. ಕಾರನ್ನ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ವೈರ್ ಹಿಡಿದು ಹೋಗಿ ಕನೆಕ್ಟರ್ ಮೊದಲು ಬಿಚ್ಚಿ, ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೀರಿ, ವೈರ್ ಎಳೀಬೇಡಿ. ಸೆನ್ಸರ್ ಷಟ್ಕೋನ 22 ಎಂಎಂ. ವೈರ್ ತೂರಿಸೋಕೆ ಸೀಳು ಬಿಟ್ಟ ಸಾಕೆಟ್ ತುಕ್ಕಿನ ಸೆನ್ಸರಿಗೆ ಬಾಯಿ ಅಗಲಿಸಿ ಜಾರುತ್ತೆ. ಹಳೇದನ್ನ ಎಸೆಯೋದೇ ಆದ್ರೆ ವೈರ್ ಕತ್ತರಿಸಿ ಆರು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ, ಹಿಡಿತ ಬೇರೇನೇ.

ಹೊರಗೆ ಬಂದ ಮೇಲೆ ಎಂ18×1.5 ಥ್ರೆಡ್ ಚೇಸರ್ ಒಮ್ಮೆ ಕೈಯಲ್ಲೇ ತಿರುಗಿಸಿ ಕ್ಲೀನ್ ಮಾಡಿ. ಹೊಸ ಸೆನ್ಸರಿನ ಥ್ರೆಡ್ಡಿಗೆ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದ ಹಾಗೆ ತಡೆಯೋ ಪೇಸ್ಟ್) ಹಚ್ಚೇ ಬಂದಿದ್ರೆ ಮತ್ತೆ ಹಚ್ಚಬೇಡಿ. ಇಲ್ಲದಿದ್ರೆ ಸೆನ್ಸರಿಗೆ ಆಗೋ ನಿಕಲ್ ಪೇಸ್ಟ್ ಚೂರೇ ಚೂರು, ಥ್ರೆಡ್ಡಿಗೆ ಮಾತ್ರ. ತುದಿಗೆ ತಾಗಿಸಬೇಡಿ. ಹತ್ತಿರದಲ್ಲಿ ಸಿಲಿಕೋನ್ ಸ್ಪ್ರೇ ಬೇಡವೇ ಬೇಡ, ಅದು ಸೆನ್ಸರಿಗೆ ವಿಷ. ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ 40 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಮಾಡಿ.

ಅಗ್ಗದ ಯೂನಿವರ್ಸಲ್ ಸೆನ್ಸರ್ ತಗೊಂಡು ವೈರ್‌ಗಳನ್ನ ಸೋಲ್ಡರ್ ಮಾಡೋ ಐಡಿಯಾ ಇದ್ರೆ ಬಿಡಿ. ಈ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನ ವೈರಿನ ಎಳೆಗಳ ಸಂದಿಯಿಂದಲೇ ಎಳ್ಕೊಳ್ಳುತ್ತವೆ, ಸೋಲ್ಡರ್ ಆ ದಾರಿ ಮುಚ್ಚುತ್ತೆ. ಕನೆಕ್ಟರ್ ಸಮೇತ ಬರೋದನ್ನೇ ಕೊಳ್ಳಿ, ವೈರನ್ನ ಹಳೇ ಕ್ಲಿಪ್‌ಗಳಿಗೇ ಸಿಕ್ಕಿಸಿ, ಪ್ರೊಪೆಲ್ಲರ್ ಶಾಫ್ಟಿಗೂ ಎಕ್ಸಾಸ್ಟಿಗೂ ತಾಗದ ಹಾಗೆ.